ಹಿಮ ತಾಳುವ ಗೆಡ್ಡೆ ಬಿಸಿಲು ತಾಳೀತೇ?

"ಹಿಮದಲ್ಲೇ ಸಾಯದ ಗೆಡ್ಡೆ ಸ್ವಾಮೀ, ನಿಮ್ಮ ತೋಟದಲ್ಲಿ ಸಾಯ್ತದಾ?"

ಒಂದು ಕೃಷಿ ಮೇಳದ ಮಳಿಗೆಯಲ್ಲಿ ಟ್ಯುಲಿಪ್ ಗೆಡ್ಡೆ ಮಾರುತ್ತಿದ್ದವರು ನಮ್ಮೂರಿನ ಹುಡುಗನೊಬ್ಬನಿಗೆ ಹೇಳಿದ ಮಾತಿದು. ಹುಡುಗನ ಹತ್ತಿರ ಹಿಂದೆ ಆಂಥೂರಿಯಂಗೆಂದು ಕಟ್ಟಿದ ನೆರಳುಮನೆ ಖಾಲಿ ಬಿದ್ದಿದೆ. ಮಳಿಗೆಯವರು ಕೊಟ್ಟ ಬಣ್ಣದ ಕಾಗದದಲ್ಲಿ ಒಂದು ಗೆಡ್ಡೆಗೆ ಇಷ್ಟು, ಒಂದು ಹೂವಿಗೆ ಇಷ್ಟು, 5,000 ಗೆಡ್ಡೆಗೆ ಲಾಭ ಇಷ್ಟು ಅಂತ ಲೆಕ್ಕ ಹಾಕಿಯೇ ಇತ್ತು. ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿ ಬರೆಯುವ ಮೊದಲು ಅವನು ನನ್ನ ಹತ್ತಿರ ಬಂದ. ನಾನೇನೂ ಟ್ಯುಲಿಪ್ ಬೆಳೆದವನಲ್ಲ. ಕಾಶ್ಮೀರಕ್ಕೆ ಹೋಗಿ ಬಂದವನು, ಗೆಡ್ಡೆ ಜಾತಿಯ ಗಿಡಗಳ ಹುಚ್ಚು ಇರುವವನು ಅಂತ ಊರಲ್ಲಿ ಹೆಸರಿದೆ, ಅಷ್ಟೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಕಾಗದ ಹಿಡಿದುಕೊಂಡು ಓಡಾಡುವವರು ಬೇರೆ ಊರುಗಳಲ್ಲೂ ಇರಬಹುದು ಅಂತ.

ಮಾರಾಟದವರ ಮಾತಿನ ಮೊದಲ ಅರ್ಧ ನೂರಕ್ಕೆ ನೂರು ಸತ್ಯ. ಎರಡನೆಯ ಅರ್ಧ ಅಷ್ಟೇ ಸುಳ್ಳು. ತಮಾಷೆ ಏನೆಂದರೆ, ಮೊದಲನೆಯದು ಯಾವ ಕಾರಣಕ್ಕೆ ಸತ್ಯವೋ ಅದೇ ಕಾರಣಕ್ಕೆ ಎರಡನೆಯದು ಸುಳ್ಳು. ಇದು ಅರ್ಥವಾಗಬೇಕಾದರೆ ಆ ಗಿಡ ಹಿಮವನ್ನು ಹೇಗೆ ಎದುರಿಸುತ್ತದೆ ಅಂತ ಸ್ವಲ್ಪ ನಿಧಾನವಾಗಿ ನೋಡಬೇಕು.

ಮೊದಲು ಒಂದು ಶಬ್ದದ ತೊಂದರೆ. ನಮಗೆ ಮಂಜು ಅಂದರೆ ಬೆಳಗಿನ ಕಾವಳವೂ ಹೌದು, ಇಬ್ಬನಿಯೂ ಹೌದು, ಸಿನೆಮಾದಲ್ಲಿ ಕಾಣುವ ಹಿಮವೂ ಹೌದು. ಅನುಭವ ಇಲ್ಲದ ವಸ್ತುವಿಗೆ ಶಬ್ದ ಹುಟ್ಟುವುದಿಲ್ಲ. ಆಕಾಶದಿಂದ ಹತ್ತಿಯ ಹಾಗೆ ಉದುರುವುದನ್ನು ಇಲ್ಲಿ ಹಿಮ ಅನ್ನುತ್ತೇನೆ. ಮೋಡವಿಲ್ಲದ ರಾತ್ರಿ ಎಲೆಯ ಮೇಲೆ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ ಗಟ್ಟಿಯಾಗುತ್ತದಲ್ಲ, ಇಂಗ್ಲಿಷಿನವರ ಫ್ರಾಸ್ಟ್, ಅದಕ್ಕೆ ನನ್ನ ಅನುಕೂಲಕ್ಕೆ ಹೆಪ್ಪಿಬ್ಬನಿ ಅಂತ ಹೆಸರಿಡುತ್ತೇನೆ. ನೀಲಗಿರಿಯ ಚಹಾ ತೋಟದವರು ಡಿಸೆಂಬರ್-ಜನವರಿಯಲ್ಲಿ ಇದನ್ನು ನೋಡುತ್ತಾರೆ, ಚಿಗುರು ಸುಟ್ಟ ಹಾಗೆ ಕಂದಾಗುತ್ತದೆ. ಗಿಡಕ್ಕೆ ಇವೆರಡರಲ್ಲಿ ಕೆಟ್ಟದ್ದು ಹಿಮವಲ್ಲ, ಹೆಪ್ಪಿಬ್ಬನಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ ಏಪ್ರಿಲ್ ಮೊದಲ ವಾರದಲ್ಲಿ ನಾವು ನಾಲ್ಕು ಜನ ಕೃಷಿಕರು ಕಾಶ್ಮೀರಕ್ಕೆ ಹೋಗಿದ್ದೆವು. ಪಹಲ್ಗಾಮ್‌ನಿಂದ ಮೇಲೆ ಆರು ಅಂತ ಒಂದು ಹಳ್ಳಿ. ಅಲ್ಲಿ ಉಳಿದ ರಾತ್ರಿ ಹಿಮ ಬಿತ್ತು, ನಾಲ್ಕು ಬೆರಳು ದಪ್ಪ. ನಾವಿದ್ದ ಮನೆಯ ಅಂಗಳದಲ್ಲಿ ಹಿಂದಿನ ಸಂಜೆ ನೋಡಿದ್ದ ನರ್ಗಿಸ್ ಹೂ ಬೆಳಿಗ್ಗೆ ಕಾಣಲೇ ಇಲ್ಲ. ಅಲ್ಲಿಯವರು ಅದಕ್ಕೆ ಯೆಂಬರ್ಜಲ್ ಅನ್ನುತ್ತಾರೆ. ಹಿಮ ಸರಿಸಿ ನೋಡಿದರೆ ಎಲೆ, ಹೂ, ದಂಟು ಎಲ್ಲ ಮಲಗಿದ ಹಾಗೆ ನೆಲಕ್ಕೆ ಅಂಟಿಕೊಂಡಿದ್ದವು, ಬೇಯಿಸಿದ ಬಸಳೆಯ ಬಣ್ಣ. ನನ್ನ ಜೊತೆಗಿದ್ದವರು ಎತ್ತಿ ನಿಲ್ಲಿಸಲು ಕೈ ಹಾಕಿದರು. ಮನೆಯ ಯಜಮಾನರು ಒಳಗಿನಿಂದಲೇ ಕೂಗಿದರು, "ಮುಟ್ಟಬೇಡಿ ಭಾಯಿ ಸಾಬ್, ಮುಟ್ಟಿದರೆ ಮುರಿಯುತ್ತದೆ. ಬಿಸಿಲು ಬರಲಿ, ಅದೇ ಏಳುತ್ತದೆ." ಹನ್ನೊಂದು ಗಂಟೆಗೆ ಬಿಸಿಲು ಬಂತು. ಮಧ್ಯಾಹ್ನ ಊಟ ಮುಗಿಸಿ ಹೊರಗೆ ಬರುವಾಗ ಮುಕ್ಕಾಲು ಪಾಲು ಗಿಡಗಳು ಎದ್ದು ನಿಂತಿದ್ದವು. ಹೂವಿನ ಅಂಚು ಅಲ್ಲಲ್ಲಿ ಕಂದಾಗಿತ್ತು, ಅಷ್ಟೆ. ನಮ್ಮಲ್ಲಿ ಬಾಡಿದ ಎಲೆಗೆ ಮೊದಲು ಕೊಡಪಾನ ಹಿಡಿದು ಓಡುತ್ತೇವೆ. ಅಲ್ಲಿ ಏನೂ ಮಾಡದಿರುವುದೇ ಕೆಲಸ.

ಎಲೆ ಮಲಗುವುದು ಸೋತದ್ದಕ್ಕಲ್ಲ, ಅದು ಅದರ ಉಪಾಯ. ನೀರು ಹೆಪ್ಪುಗಟ್ಟಿದರೆ ಉಬ್ಬುತ್ತದೆ. ಫ್ರಿಜ್ಜಿನಲ್ಲಿ ನೀರು ತುಂಬಿದ ಬಾಟಲಿ ಒಡೆಯುವುದನ್ನು ನೋಡಿದ್ದೇವೆ. ಎಲೆಯ ಒಂದೊಂದು ಜೀವಕೋಶವೂ ಒಂದೊಂದು ಬಾಟಲಿಯೇ. ಒಳಗೇ ಗಡ್ಡೆಯಾದರೆ ಕೋಶ ಹರಿದು ಎಲೆ ಸತ್ತ ಹಾಗೆ. ಚಳಿಗೆ ಪಳಗಿದ ಗಿಡದಲ್ಲಿ ಏನಾಗುತ್ತದೆ ಅಂದರೆ, ನೀರು ಕೋಶದಿಂದ ಹೊರಗೆ ಬಂದು ಕೋಶ ಕೋಶಗಳ ನಡುವಿನ ಸಂದಿಯಲ್ಲಿ ಹೆಪ್ಪುಗಟ್ಟುತ್ತದೆ. ಒಳಗೆ ಉಳಿದ ರಸ ಸಕ್ಕರೆ ಪಾಕದ ಹಾಗೆ ಮಂದವಾಗುತ್ತದೆ. ಪಾಕ ನೀರಿನಷ್ಟು ಬೇಗ ಹೆಪ್ಪುಗಟ್ಟುವುದಿಲ್ಲ. ಒಳಗಿನ ನೀರು ಕಮ್ಮಿಯಾದ್ದರಿಂದ ಎಲೆ ಗಾಳಿ ಹೋದ ಟ್ಯೂಬಿನ ಹಾಗೆ ಮೆತ್ತಗಾಗಿ ಮಲಗುತ್ತದೆ. ಬಿಸಿಲು ಬಂದು ಸಂದಿಯ ಹಿಮ ಕರಗಿದ ಮೇಲೆ ಕೋಶ ಅದೇ ನೀರನ್ನು ವಾಪಸು ಕುಡಿದು ಸೆಟೆದು ನಿಲ್ಲುತ್ತದೆ. ಆ ಹೊತ್ತಿನಲ್ಲಿ ಕೈ ಹಾಕಿ ಬಗ್ಗಿಸಿದರೆ ಸಂದಿಯಲ್ಲಿರುವ ಹಿಮದ ಹರಳುಗಳೇ ಚೂರಿಯಾಗಿ ಕೋಶವನ್ನು ಕೊಯ್ಯುತ್ತವೆ. ಯಜಮಾನರು ಯಾಕೆ ಕೂಗಿದರು ಅಂತ ನನಗೆ ಆಮೇಲೆ ಓದಿ ಅರ್ಥವಾದದ್ದು.

ಈ ಸಕ್ಕರೆ ಎಲ್ಲಿಂದ? ಗೆಡ್ಡೆಯಿಂದ. ಚಳಿ ಬಿದ್ದಾಗ ಗೆಡ್ಡೆಯಲ್ಲಿರುವ ಪಿಷ್ಟ ಸಕ್ಕರೆಯಾಗುತ್ತದೆ. ಇದು ನಮಗೆ ಹೊಸದಲ್ಲ. ಹಾಸನದ ಬೆಳೆಗಾರರಿಗೆ ಜಲಂಧರದಿಂದ ಕೋಲ್ಡ್ ಸ್ಟೋರೇಜಿನ ಬಿತ್ತನೆ ಆಲೂಗೆಡ್ಡೆ ಬರುತ್ತದೆ. ಬಹಳ ದಿನ ತಣ್ಣಗಿಟ್ಟ ಆಲೂಗೆಡ್ಡೆ ಬೇಯಿಸಿದರೆ ಸಿಹಿ, ಚಿಪ್ಸ್ ಕರಿದರೆ ಕಪ್ಪು. ಅದೇ ಸಂಗತಿ ಇಲ್ಲೂ. ಆಲೂಗೆಡ್ಡೆ ಗಿಡಕ್ಕೆ ಆ ಸಕ್ಕರೆಯಿಂದ ಹೆಪ್ಪಿಬ್ಬನಿ ತಾಳುವ ಶಕ್ತಿಯೇನೂ ಬರುವುದಿಲ್ಲ, ಅದು ಬೇರೆ ಮಾತು.

ಇನ್ನು ಗೆಡ್ಡೆಯ ವಿಷಯ. ಟ್ಯುಲಿಪ್, ನರ್ಗಿಸ್ ಗೆಡ್ಡೆ ಅಂದರೆ ಈರುಳ್ಳಿಯ ಅಣ್ಣತಮ್ಮಂದಿರು ಅಂದುಕೊಳ್ಳಿ. ಅಡಿಯಲ್ಲಿ ಬೇರು ಬಿಡುವ ಒಂದು ತಟ್ಟೆ, ಅದರ ಮೇಲೆ ಆಹಾರ ತುಂಬಿದ ಪದರಗಳು, ನಡುವೆ ಸುಳಿ. ಆದರೆ ಒಳಗೆ ಮುಗಿದಿರುವ ಕೆಲಸ ಎಷ್ಟು ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ನಾಟಿಗೆ ತಯಾರಾದ ಟ್ಯುಲಿಪ್ ಗೆಡ್ಡೆಯನ್ನು ಉದ್ದಕ್ಕೆ ಸೀಳಿದರೆ ನಡುವೆ ಮುಂದಿನ ಮಾರ್ಚ್-ಏಪ್ರಿಲ್‌ನ ಹೂ, ಎಸಳು ಕೇಸರ ಸಮೇತ, ಸಣ್ಣದಾಗಿ ಕುಳಿತಿರುತ್ತದೆ. ಬೇಸಿಗೆಯಲ್ಲಿ ಎಲೆ ಒಣಗಿ ಹೋದ ಮೇಲೆ, ಗಿಡ ಸತ್ತಿತು ಅಂತ ನಾವು ತಿಳಿದುಕೊಳ್ಳುವ ಹೊತ್ತಿನಲ್ಲಿ, ಅದು ಒಳಗೇ ಹೂ ಕಟ್ಟಿ ಮುಗಿಸಿರುತ್ತದೆ. ವಸಂತದಲ್ಲಿ ಬೇಕಾಗುವುದು ಉದ್ದವಾಗುವುದು ಮಾತ್ರ. ಹಿಮ ಕರಗಿದ ಎರಡು ಮೂರು ವಾರದಲ್ಲಿ ಹೂ ನಿಲ್ಲಿಸುವುದು ಅದಕ್ಕೆ ಸಾಧ್ಯವಾಗುವುದು ಹೀಗೆ.

ಹಾಗಾದರೆ ನವೆಂಬರಿನಲ್ಲಿ ನಾಲ್ಕು ದಿನ ಬಿಸಿಲು ಬಿದ್ದರೆ ಅದು ಮೋಸ ಹೋಗಿ ಹೊರಗೆ ಬರುವುದಿಲ್ಲವೇ? ಬರುವುದಿಲ್ಲ. ಇಲ್ಲೇ ಇರುವುದು ಗುಟ್ಟು. ದಂಟು ಉದ್ದವಾಗಬೇಕಾದರೆ ಗೆಡ್ಡೆ ಇಂತಿಷ್ಟು ದಿನ ಚಳಿ ತಿಂದಿರಬೇಕು. ಟ್ಯುಲಿಪ್‌ಗೆ 9 ಡಿಗ್ರಿ ಸೆಲ್ಷಿಯಸ್‌ನ ಆಸುಪಾಸು ಅಥವಾ ಅದಕ್ಕಿಂತ ಕಮ್ಮಿಯಲ್ಲಿ 12ರಿಂದ 16 ವಾರ. ಆ ಲೆಕ್ಕ ಭರ್ತಿಯಾಗುವ ತನಕ ಬೀಗ ತೆಗೆಯುವುದಿಲ್ಲ. ಕಾಶ್ಮೀರಿಗಳು ಚಳಿಯನ್ನು ನಾವು ಮಳೆ ನಕ್ಷತ್ರ ಎಣಿಸುವ ಹಾಗೆ ಎಣಿಸುತ್ತಾರೆ. ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ಅಂದರೆ ದೊಡ್ಡ ಚಳಿ. ಆಮೇಲೆ 20 ದಿನ ಚಿಲ್ಲೈ ಖುರ್ದ್, ಕೊನೆಗೆ 10 ದಿನ ಚಿಲ್ಲೈ ಬಚ್ಚಾ. ಮಣ್ಣಿನೊಳಗಿನ ಗೆಡ್ಡೆಯೂ ಇದೇ ಪಂಚಾಂಗ ನೋಡುತ್ತಿದೆ ಅಂತ ನನಗೆ ಅನ್ನಿಸಿತು. ಟ್ಯುಲಿಪ್‌ನ ತವರು ಮಧ್ಯ ಏಷ್ಯಾದ ಬೆಟ್ಟಗಳು. ಅಲ್ಲಿ ಚಳಿಗಾಲದಲ್ಲಿ ಹಿಮ, ಬೇಸಿಗೆಯಲ್ಲಿ ಒಣ ಬಿಸಿಲು, ನಡುವೆ ಬದುಕಲು ಸಿಗುವುದು ಸಣ್ಣದೊಂದು ವಸಂತ. ಸುಳ್ಳು ಬಿಸಿಲಿಗೆ ಎದ್ದವೆಲ್ಲ ಸತ್ತು, ಲೆಕ್ಕ ಎಣಿಸಿ ಎದ್ದವು ಮಾತ್ರ ಉಳಿದು ಬಂದ ಜಾತಿ ಇದು.

ಅಂದರೆ ಏನಾಯಿತು? ಹಿಮದಿಂದ ಪಾರಾಗಲು ಅದು ಕಂಡುಕೊಂಡ ಮುಖ್ಯ ಉಪಾಯವೇ ಚಳಿಯ ಲೆಕ್ಕ. ಆ ಲೆಕ್ಕ ಅದರ ಹುಟ್ಟುಗುಣ. ಚಳಿ ಕೊಡದೆ ಅದನ್ನು ಏಳಿಸುವುದೂ ಮಳೆ ಕೊಡದೆ ನಾಟಿ ಮಾಡಿಸುವುದೂ ಒಂದೇ.

ಹಿಮವೇ ಅದಕ್ಕೆ ಹೊದಿಕೆ ಅನ್ನುವ ಸಂಗತಿ ನಮ್ಮ ಕಡೆಯವರಿಗೆ ನಂಬಲು ಕಷ್ಟ. ಹೊಸದಾಗಿ ಬಿದ್ದ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ ಇರುತ್ತದೆ, ಹತ್ತಿ ಹಾಸಿಗೆಯ ಹಾಗೆ. ಮೇಲೆ ಗಾಳಿಯ ಉಷ್ಣತೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿದ್ದರೂ ದಪ್ಪ ಹಿಮದ ಅಡಿಯ ಮಣ್ಣು ಸೊನ್ನೆಯ ಹತ್ತಿರವೇ ನಿಲ್ಲುತ್ತದೆ. ಗೆಡ್ಡೆಯನ್ನು ಅದರ ಎತ್ತರದ ಮೂರು ಪಾಲು ಆಳಕ್ಕೆ, ಅಂದರೆ ಸುಮಾರು 15 ಸೆಂಟಿಮೀಟರ್ ಕೆಳಗೆ ನೆಡುವುದು ಕ್ರಮ. ಆ ಆಳದ ಮಣ್ಣಿಗೆ ರಾತ್ರಿಯ ಏರುಪೇರು ಅಷ್ಟಾಗಿ ತಟ್ಟುವುದಿಲ್ಲ. ಎಷ್ಟೋ ಗೆಡ್ಡೆಗಳಿಗೆ ಇನ್ನೊಂದು ವಿದ್ಯೆ ಉಂಟು: ಬೇರು ಮೊದಲು ಕೆಳಗಿಳಿದು ಗಟ್ಟಿಯಾಗಿ ಹಿಡಿದುಕೊಂಡು, ಆಮೇಲೆ ಕುಗ್ಗಿ ಗೆಡ್ಡೆಯನ್ನೇ ಕೆಳಗೆ ಎಳೆದುಕೊಳ್ಳುತ್ತದೆ. ಬೇರಿನ ಮೇಲೆ ಆನೆ ಸೊಂಡಿಲಿನ ಹಾಗೆ ಸುಕ್ಕು ಕಾಣುವುದು ಅದಕ್ಕೇ. ಕೇಸರಿ ಗೆಡ್ಡೆಗೂ ಇದು ಉಂಟು. ಮೇಲೆ ನೆಟ್ಟರೂ ತನಗೆ ಬೇಕಾದ ಆಳ ಅದಕ್ಕೆ ಗೊತ್ತು.

ಕಾಶ್ಮೀರದ ಹಳೆಯ ಮನೆ, ಮಸೀದಿಗಳ ಮಾಡಿಗೆ ಭೂರ್ಜಪತ್ರ ಹಾಸಿ ಮೇಲೆ ಮಣ್ಣು ಹರಡುತ್ತಿದ್ದರು. ವಸಂತದಲ್ಲಿ ಆ ಮಾಡಿನ ಮೇಲೆ ಟ್ಯುಲಿಪ್, ಐರಿಸ್ ಅರಳುತ್ತಿದ್ದವು. ಚಳಿಗಾಲವಿಡೀ ಹಿಮ, ಬೇಸಿಗೆಯಲ್ಲಿ ಒಣ ಮಣ್ಣು, ನೀರು ಹಾಕುವವರಿಲ್ಲ, ಗೊಬ್ಬರ ಹಾಕುವವರಿಲ್ಲ. ಇಂಥ ಗಿಡಕ್ಕೆ ನಮ್ಮ ನೆರಳುಮನೆ, ಹನಿ ನೀರಾವರಿ ಎಲ್ಲ ಅರಮನೆ ಅಂತ ಕಾಣಬಹುದು. ಗಿಡದ ದೃಷ್ಟಿಯಲ್ಲಿ ಹಾಗಲ್ಲ.

ಹಾಗೆಂದು ತಡವಾಗಿ ಬರುವ ಹಿಮ, ಹೆಪ್ಪಿಬ್ಬನಿಯಿಂದ ನಷ್ಟವೇ ಇಲ್ಲ ಅಂತಲ್ಲ. ಚಳಿಯ ಲೆಕ್ಕ ಮುಗಿದು, ಫೆಬ್ರವರಿಯಲ್ಲೇ ಬಿಸಿಲು ಏರಿ, ಗಿಡ ಹೊರಬಂದು ಮೊಗ್ಗು ಬಿಚ್ಚಿದ ಮೇಲೆ ಮೋಡವಿಲ್ಲದ ಒಂದು ರಾತ್ರಿ ಹೆಪ್ಪಿಬ್ಬನಿ ಬಿದ್ದರೆ ಅರಳಿದ ಹೂ ಉಳಿಯುವುದಿಲ್ಲ. ಮುಚ್ಚಿದ ಮೊಗ್ಗು ಎಷ್ಟೋ ತಾಳುತ್ತದೆ. ಟ್ಯುಲಿಪ್ ಹೂ ತಂಪಾದರೆ ಮುಚ್ಚಿಕೊಳ್ಳುತ್ತದೆ, ಬೆಚ್ಚಗಾದರೆ ಬಿಚ್ಚಿಕೊಳ್ಳುತ್ತದೆ, ಅದೂ ಒಂದು ರಕ್ಷಣೆ. ನೀರು ನಿಂತ ಜಾಗದಲ್ಲಿ ಮಾತ್ರ ಗೆಡ್ಡೆಗೇ ಕುತ್ತು. ಒದ್ದೆಯಾಗಿ ಹೆಪ್ಪುಗಟ್ಟಿದ್ದು ಆಮೇಲೆ ಕೊಳೆಯುತ್ತದೆ. ಹೆಪ್ಪಿಬ್ಬನಿಯಿಂದ ಗಾಯವಾದ ಎಲೆಗೆ ಬೊಟ್ರೈಟಿಸ್ ಅನ್ನುವ ಶಿಲೀಂಧ್ರ ಹತ್ತುತ್ತದೆ. ಎಲೆ ಬೆಂಕಿ ತಾಗಿದ ಹಾಗೆ ಆಗುವುದರಿಂದ ಆ ರೋಗಕ್ಕೆ ಟ್ಯುಲಿಪ್ ಬೆಂಕಿ ಅಂತಲೇ ಹೆಸರು. ಚಳಿ ಕೊಲ್ಲದಿದ್ದನ್ನು ಚಳಿಯ ನಂತರ ಬರುವ ತೇವ ಕೊಲ್ಲುವುದು ಹೀಗೆ. ನಮ್ಮ ಕೊಳೆರೋಗ ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಆದರೂ ಈ ನಷ್ಟದ ಸ್ವರೂಪ ನೋಡಿ. ಹೂ ಹೋದರೆ ಆ ವರ್ಷದ ಹೂ ಹೋಯಿತು. ಎಲೆ ಅರ್ಧ ಸುಟ್ಟರೆ ಮುಂದಿನ ವರ್ಷದ ಗೆಡ್ಡೆ ಸಣ್ಣದಾಯಿತು. ಬಂಡವಾಳ ಮಣ್ಣಿನೊಳಗೆ ಹಾಗೇ ಇದೆ. ಇದರ ಪಕ್ಕದಲ್ಲಿ ಸೇಬಿನ ಮರ ಇಟ್ಟು ನೋಡಿ. 2018ರ ನವೆಂಬರ್ ಮೊದಲ ವಾರದಲ್ಲಿ, ಮತ್ತೆ 2019ರ ನವೆಂಬರ್ 7ರಂದು ಕಾಶ್ಮೀರದಲ್ಲಿ ಕಾಲಕ್ಕೆ ಮುಂಚೆ ಹಿಮ ಸುರಿಯಿತು. ಮರಗಳಲ್ಲಿ ಇನ್ನೂ ಎಲೆ ಇತ್ತು. ಎಲೆಯ ಮೇಲೆ ಹಿಮ ಕುಳಿತು ಆ ಭಾರಕ್ಕೆ ರೆಂಬೆ ಮುರಿದವು, ಕೆಲವು ಕಡೆ ಮರವೇ ನಡುವೆ ಸೀಳಿತು. ಹತ್ತಾರು ವರ್ಷ ಸಾಕಿದ ಮರ ಒಂದು ರಾತ್ರಿಯಲ್ಲಿ ಹೋದರೆ ಏನು ಅಂತ ಗಾಳಿಗೆ ಅಡಿಕೆ ಮರ ಕಳೆದುಕೊಂಡ ನಮಗೆ ಗೊತ್ತು. ಅದೇ ಹಿಮ ಮಣ್ಣಿನೊಳಗಿನ ಗೆಡ್ಡೆಗೆ ಹೊದಿಕೆಯಾಗುತ್ತದೆ.

ಈಗ ಹಾಲೆಂಡಿಗೆ ಬರೋಣ, ಯಾಕೆಂದರೆ ನಮ್ಮ ಮೇಳದ ಮಳಿಗೆಗೆ ಗೆಡ್ಡೆ ಬಂದದ್ದು ಅಲ್ಲಿಂದ. ಅಲ್ಲಿನ ಗೆಡ್ಡೆ ರೈತರು ಹೂ ಮಾರಲಿಕ್ಕೆ ಬೆಳೆಯುವುದಲ್ಲ. ಪೋಸ್ಟ್‌ಕಾರ್ಡುಗಳಲ್ಲಿ ನಾವು ನೋಡುವ ಬಣ್ಣದ ಪಟ್ಟಿಯಂಥ ಹೊಲಗಳಿವೆಯಲ್ಲ, ಅಲ್ಲಿ ಹೂ ಅರಳಿ ಸ್ವಲ್ಪ ದಿನಕ್ಕೇ ಯಂತ್ರ ಓಡಿಸಿ ಹೂವಿನ ತಲೆ ಕತ್ತರಿಸಿ ಬಿಸಾಡುತ್ತಾರೆ. ಎಲೆಯನ್ನು ಮಾತ್ರ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಎಲೆ ತಾನಾಗಿ ಹಳದಿಯಾಗಿ ಒಣಗಿದ ಮೇಲೆ ಗೆಡ್ಡೆ ಅಗೆಯುತ್ತಾರೆ. ಹೂ ಖರ್ಚು, ಎಲೆ ಆದಾಯ. ಚಳಿಗಾಲದಲ್ಲಿ ಹೊಲಕ್ಕೆ ಒಣಹುಲ್ಲು ಹೊದಿಸುತ್ತಾರೆ, ಅಲ್ಲಿ ಹಿಮದ ಹೊದಿಕೆ ಕಾಶ್ಮೀರದ ಹಾಗೆ ಖಾತ್ರಿಯಿಲ್ಲ. ಟ್ಯುಲಿಪ್‌ನಲ್ಲಿ ನೆಟ್ಟ ತಾಯಿಗೆಡ್ಡೆ ಪ್ರತಿವರ್ಷ ಕರಗಿ ಹೋಗಿ, ಅದರ ಜಾಗದಲ್ಲಿ ಮರಿಗೆಡ್ಡೆಗಳು ಬರುತ್ತವೆ. ಆ ಮರಿ ದಪ್ಪವಾಗಬೇಕಾದರೆ ಹೂ ಹೋದ ನಂತರ ಆರೇಳು ವಾರ ತಂಪು ಹವೆಯಲ್ಲಿ ಹಸಿರೆಲೆ ಬೇಕು. 1637ರ ಫೆಬ್ರವರಿಯಲ್ಲಿ ಟ್ಯುಲಿಪ್ ಗೆಡ್ಡೆಯ ಜೂಜು ಕುಸಿದು ವ್ಯಾಪಾರಿಗಳು ಕೈಸುಟ್ಟುಕೊಂಡ ಕಥೆ ಎಲ್ಲ ಪುಸ್ತಕಗಳಲ್ಲಿದೆ. 1944-45ರ ಚಳಿಗಾಲದಲ್ಲಿ, ಯುದ್ಧದ ಬರಗಾಲದಲ್ಲಿ, ಅಲ್ಲಿನ ಜನ ಅದೇ ಗೆಡ್ಡೆಯನ್ನು ಬೇಯಿಸಿ ತಿಂದದ್ದು ನನಗೆ ಹೆಚ್ಚು ದೊಡ್ಡ ಕಥೆಯಾಗಿ ಕಾಣುತ್ತದೆ. ಅಷ್ಟು ಪಿಷ್ಟ ಒಳಗಿತ್ತು ಅಂತಾಯಿತು.

ಇಷ್ಟು ತಿಳಿದ ಮೇಲೆ ನಮ್ಮ ಹುಡುಗನ ಕಾಗದದ ಲೆಕ್ಕ ನೋಡೋಣ. ಬೀದರ, ವಿಜಯಪುರದ ಕಡೆ ಚಳಿಗಾಲದ ಕೆಲವು ರಾತ್ರಿ ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಹಗಲು ಅದೇ ಮಣ್ಣು ಕಾಯುತ್ತದೆ. ನಮ್ಮ ಕರಾವಳಿ, ಮಲೆನಾಡಿನಲ್ಲಂತೂ 12 ವಾರ ಬಿಡಿ, 12 ದಿನವೂ ಆ ಚಳಿ ಸಿಗದು. ಚಳಿ ತಿನ್ನದ ಟ್ಯುಲಿಪ್ ಗೆಡ್ಡೆ ನೆಟ್ಟರೆ ಎಲೆ ಬರುತ್ತದೆ, ಮೊಗ್ಗು ನೆಲಕ್ಕೆ ಅಂಟಿಕೊಂಡೇ ಒಣಗುತ್ತದೆ. ನೆರಳುಬಲೆ ಬೆಳಕು ಕಮ್ಮಿ ಮಾಡುತ್ತದೆ, ಚಳಿ ಕೊಡುವುದಿಲ್ಲ. "ಇಲ್ಲ, ನಮ್ಮದು ಮೊದಲೇ ತಂಪು ಕೊಟ್ಟ ಗೆಡ್ಡೆ" ಅನ್ನುತ್ತಾರೆ ಮಳಿಗೆಯವರು. ಸರಿ. ಅಂಥ ಗೆಡ್ಡೆ ನಿಜವಾಗಿಯೂ ಇದೆ. ದೆಹಲಿಯ ರಸ್ತೆ ಬದಿಗಳಲ್ಲಿ ಫೆಬ್ರವರಿಯಲ್ಲಿ ಅರಳಿಸಿದ ಟ್ಯುಲಿಪ್‌ಗಳು ಹಾಲೆಂಡಿನಲ್ಲಿ ತಂಪುಕೋಣೆಯಲ್ಲಿಟ್ಟು ಲೆಕ್ಕ ಭರ್ತಿ ಮಾಡಿ ಕಳಿಸಿದವು. ಆದರೆ ಅವು ಅರಳಿದ ಮೇಲೆ ಏನು? ಮಾರ್ಚ್ ಬಿಸಿಲಿಗೆ ಎಲೆ ಎರಡು ವಾರದಲ್ಲಿ ಒಣಗುತ್ತದೆ, ಮರಿಗೆಡ್ಡೆ ಬೆಳ್ಳುಳ್ಳಿ ಎಸಳಿನಷ್ಟಾಗಿ ನಿಲ್ಲುತ್ತದೆ, ಮುಂದಿನ ವರ್ಷ ಹೂವಿಲ್ಲ. ಮತ್ತೆ ಹೊಸ ಗೆಡ್ಡೆಗೆ ದುಡ್ಡು. ಒಂದು ರಾಜಧಾನಿಯ ಉದ್ಯಾನದ ಬಜೆಟ್ಟಿಗೆ ಇದು ಸರಿ. ಸೊಸೈಟಿ ಸಾಲಕ್ಕೆ ಇದು ಸರಿಯಲ್ಲ.

ಶ್ರೀನಗರದ ದಾಲ್ ಸರೋವರದ ಮೇಲ್ಗಡೆ, ಜಬರ್ವನ್ ಬೆಟ್ಟದ ಬುಡದಲ್ಲಿ 2007ರಲ್ಲಿ ತೆರೆದ ಟ್ಯುಲಿಪ್ ತೋಟವಿದೆ, ಸುಮಾರು 30 ಹೆಕ್ಟೇರು. ಲಕ್ಷಗಟ್ಟಲೆ ಗೆಡ್ಡೆ. ಚಿಲ್ಲೈ ಕಲಾನ್ ಪುಕ್ಕಟೆಯಾಗಿ ಸಿಗುವ ಅಲ್ಲೂ ಹೂ ಮುಗಿದ ಮೇಲೆ ಎಲೆ ಒಣಗುವ ತನಕ ಕಾದು, ಗೆಡ್ಡೆ ಅಗೆದು, ವಿಂಗಡಿಸಿ, ಜೋಪಾನ ಮಾಡಿ, ಚಳಿಗಾಲದ ಮೊದಲು ಮತ್ತೆ ನೆಡುತ್ತಾರೆ. ವರ್ಷವಿಡೀ ಕೆಲಸ, ನೋಡುವವರಿಗೆ ಮೂರು ನಾಲ್ಕು ವಾರದ ಹೂ. ಬೇಗ ಅರಳುವ, ನಡುವೆ ಅರಳುವ, ತಡವಾಗಿ ಅರಳುವ ತಳಿಗಳನ್ನು ಬೆರೆಸಿ ನೆಡುವುದರಿಂದ ಒಂದು ರಾತ್ರಿಯ ಹಿಮ ಅಷ್ಟೂ ಹೂವನ್ನು ಒಟ್ಟಿಗೆ ಹಾಳು ಮಾಡುವುದಿಲ್ಲ. ಹಿಮಾಚಲದ ಪಾಲಂಪುರದ ಸಿಎಸ್‌ಐಆರ್ ಸಂಸ್ಥೆಯವರು ಲಾಹೌಲ್‌ನಂಥ ಚಳಿಬೆಟ್ಟಗಳ ರೈತರ ಹೊಲದಲ್ಲಿ ಟ್ಯುಲಿಪ್ ಗೆಡ್ಡೆಯನ್ನೇ ಬೆಳೆಸುವ ಪ್ರಯತ್ನದಲ್ಲಿದ್ದಾರೆ. ಅದು ನನಗೆ ಸರಿಯಾಗಿ ಕಾಣುತ್ತದೆ. ಹಾಲೆಂಡಿಗೆ ಹೋಗುವ ದುಡ್ಡು ಲಾಹೌಲಿನ ಸಣ್ಣ ರೈತನಿಗೆ ಹೋದರೆ ಒಳ್ಳೆಯದೇ. ಚಳಿ ಇದ್ದವನು ಚಳಿಯನ್ನು ಮಾರಲಿ.

ಕೇಸರಿಯ ಮಾತೂ ಬಂತು ಅನ್ನಿ. ಹುಡುಗನ ಎರಡನೆಯ ಪ್ರಶ್ನೆಯೇ ಅದು: "ಅಣ್ಣಾ, ಹಾಗಾದ್ರೆ ಕೋಣೆಯಲ್ಲಿ ಕೇಸರಿ ಮಾಡ್ತಾರಲ್ಲ?" ಮಾಡ್ತಾರೆ. ಕೇಸರಿ ವಸಂತದ ಹೂವಲ್ಲ, ಪಾಂಪೋರಿನಲ್ಲಿ ಅದು ಅರಳುವುದು ಅಕ್ಟೋಬರ್-ನವೆಂಬರಿನಲ್ಲಿ. ಹೂ ಬರಿಸಲು ಮಣ್ಣೂ ಬೇಡ, ಗೆಡ್ಡೆಯಲ್ಲಿರುವ ಆಹಾರವೇ ಸಾಕು, ತಂಪು ಕೋಣೆಯ ಹಲಗೆಯ ಮೇಲೆ ಇಟ್ಟರೂ ಅರಳುತ್ತದೆ. ಆ ಫೋಟೋ ನೋಡಿಯೇ ಜನ ಮರುಳಾಗುವುದು. ಆದರೆ ಪಾಂಪೋರಿನಲ್ಲಿ ಹೂ ಕೊಯ್ದ ಮೇಲೆ ಹುಲ್ಲಿನಂಥ ಎಲೆ ಚಳಿಗಾಲವಿಡೀ, ಹಿಮದ ಅಡಿಯಲ್ಲೂ ಹಸಿರಾಗಿಯೇ ಇದ್ದು ವಸಂತದ ತನಕ ಮರಿಗೆಡ್ಡೆ ತುಂಬುತ್ತದೆ. ಕೋಣೆಯವರು ಕೇಳಿಕೊಳ್ಳಬೇಕಾದದ್ದು ಮೊದಲ ವರ್ಷ ಎಷ್ಟು ಗ್ರಾಂ ಕೇಸರಿ ಬಂತು ಅಂತ ಅಲ್ಲ. ಹಾಕಿದಷ್ಟು ತೂಕದ ಗೆಡ್ಡೆ ಮೂರನೆಯ ವರ್ಷ ನನ್ನ ಹತ್ತಿರ ಇದೆಯೇ ಅಂತ. ಮಾರುವವರನ್ನು ಕೇಳಬೇಕಾದ ಪ್ರಶ್ನೆಯೂ ಇದೊಂದೇ. ಟ್ಯುಲಿಪ್ ಇರಲಿ, ಕೇಸರಿ ಇರಲಿ, ಮೂರು ವರ್ಷ ಅದೇ ಗೆಡ್ಡೆಯಿಂದ ಬೆಳೆದವರ ತೋಟ ತೋರಿಸಿ ಅನ್ನಿ. ಹೂ ತೋರಿಸುವುದು ಬೇಡ, ಗೆಡ್ಡೆ ತೂಗಿ ತೋರಿಸಲಿ.

ಪಟ್ಟಣದ ಹತ್ತಿರ ಇದ್ದು, ಕೋಲ್ಡ್ ಸ್ಟೋರೇಜ್ ಇದ್ದು, ತಂಪು ಕೊಟ್ಟ ಗೆಡ್ಡೆ ತರಿಸಿ ಕುಂಡದಲ್ಲಿ ಅರಳಿಸಿ ಫೆಬ್ರವರಿಯ ಪ್ರೇಮಿಗಳ ದಿನಕ್ಕೆ ಮಾರುವವರನ್ನು ನಾನು ಬೇಡ ಅನ್ನುವುದಿಲ್ಲ. ಲಾಭವೂ ಸಿಗಬಹುದು. ಅದು ವ್ಯಾಪಾರ. ಅಲ್ಲಿ ಬೆಳೆದವನು ಹಾಲೆಂಡಿನ ರೈತ, ನಾವು ಬಿಡಿಸಿ ಮಾರಿದವರು. ಕೃಷಿ ಅಂತ ಹೆಸರಿಟ್ಟು ಅದಕ್ಕೆ ಗದ್ದೆ ಅಡವಿಡುವುದು ಬೇಡ.

ಕಾಶ್ಮೀರದಲ್ಲಿ ಹಿಮ ಕರಗುವ ಅಂಚಿನಲ್ಲಿ ಎಲ್ಲಕ್ಕಿಂತ ಮೊದಲು ಏಳುವ ಪುಟ್ಟ ಹಳದಿ ಹೂವಿದೆ, ವಿರ್ಕಿಮ್ ಪೋಶ್. ಅದರ ಗೆಡ್ಡೆ ವಿಷ, ಯುನಾನಿಯವರಿಗೆ ಸುರಂಜಾನ್ ಹೆಸರಿನ ಮದ್ದು. ನಮ್ಮ ಬೇಲಿಯಲ್ಲಿ ಮೊದಲ ಮಳೆಗೆ ಎದ್ದು ಗೌರಿ ಹಬ್ಬದ ಹೊತ್ತಿಗೆ ಅರಳುವ ಗೌರಿ ಹೂ, ಅಗ್ನಿಶಿಖೆ ಅನ್ನುತ್ತೇವಲ್ಲ, ಅದೂ ಅದೇ ಕುಟುಂಬದ ಗಿಡ. ಎರಡರಲ್ಲೂ ಕಾಲ್ಚಿಸಿನ್ ಅನ್ನುವ ಒಂದೇ ವಿಷ. ಅಕ್ಕ ಹಿಮ ಎಣಿಸುತ್ತಾಳೆ, ತಂಗಿ ಮಳೆ ಎಣಿಸುತ್ತಾಳೆ. ಒಬ್ಬಳಿಗೆ ಚಿಲ್ಲೈ ಕಲಾನ್ ಏನೋ ಇನ್ನೊಬ್ಬಳಿಗೆ ನಮ್ಮ ಮಾರ್ಚ್-ಏಪ್ರಿಲ್ ಬಿಸಿಲು ಅದೇ: ಗೆಡ್ಡೆಯೊಳಗೆ ಕುಳಿತು ಕಳೆಯಬೇಕಾದ ಕಾಲ. ಸುವರ್ಣಗೆಡ್ಡೆ, ಅರಸಿನ, ಕೆಸು ಎಲ್ಲವೂ ಈ ತಂಗಿಯ ಬಳಗದ ಲೆಕ್ಕದವು. ನಮ್ಮ ಒಣಹವೆಗೆ ಸಾಯದ ಇವನ್ನು ಕಾಶ್ಮೀರಕ್ಕೆ ಒಯ್ದು, "ಬಿಸಿಲಿಗೇ ಸಾಯದ ಗೆಡ್ಡೆ, ಹಿಮಕ್ಕೆ ಸಾಯ್ತದಾ" ಅಂತ ಆರು ಹಳ್ಳಿಯ ಯಜಮಾನರಿಗೆ ಯಾರಾದರೂ ಮಾರಿದರೆ ಅವರು ನಗುತ್ತಾರೆ.

ಹಾಲೆಂಡಿನವರಿಂದ ತರಿಸುವುದಾದರೆ ಎಲೆಯ ಮೇಲಿನ ಅವರ ಮರ್ಯಾದೆಯನ್ನು ತರಿಸಬಹುದು, ಅದಕ್ಕೆ ಆಮದು ಖರ್ಚಿಲ್ಲ. ನವರಾತ್ರಿ ಕಳೆದ ಕೂಡಲೇ ತೋಟ ಚೊಕ್ಕ ಕಾಣಲಿ ಅಂತ ಅರಸಿನದ ಹಸಿರೆಲೆ ಸವರುವವರು, ಪಾತೋಳಿ ಕಡುಬಿಗೆಂದು ಒಂದೇ ಬುಡದಿಂದ ಎಲ್ಲ ಎಲೆ ಕೊಯ್ಯುವವರು ನಮ್ಮಲ್ಲಿ ಕಮ್ಮಿಯಿಲ್ಲ. ಸುವರ್ಣಗೆಡ್ಡೆಯ ಕೊಡೆ ತಾನಾಗಿ ಹಳದಿಯಾಗಿ ಬೀಳುವ ಮೊದಲೇ ಕಡಿದು ಬಾಳೆಯ ಬುಡಕ್ಕೆ ಹಾಕುತ್ತಾರೆ. ಕೊನೆಯ ಆ ಮೂರು ನಾಲ್ಕು ವಾರದಲ್ಲೇ ಗೆಡ್ಡೆ ತೂಕ ಏರುವುದು. ಅಂಗಳದ ಸುಗಂಧರಾಜದ ದಂಟು ಕೊಯ್ಯುವಾಗಲೂ ಎಲೆಯ ಬುಡ ಬಿಟ್ಟು ಕೊಯ್ಯಿರಿ.

ಹುಡುಗ ಅರ್ಜಿ ಬರೆಯಲಿಲ್ಲ. ನೆರಳುಮನೆಯ ಬಲೆ ತೆಗೆದು ಅಲ್ಲಿ ಸುವರ್ಣಗೆಡ್ಡೆ ಹಾಕುವ ಯೋಚನೆಯಲ್ಲಿದ್ದಾನೆ, ಬೀಜದ ಗೆಡ್ಡೆ ಕೇಳಿಕೊಂಡು ಹೋಗಿದ್ದಾನೆ. ಕಂಬಗಳು ಗಟ್ಟಿಯಾಗಿವೆ, ಅವಕ್ಕೆ ವೀಳ್ಯದೆಲೆ ಬಳ್ಳಿ ಹಬ್ಬಿಸಬಹುದು ಅಂತ ಹೇಳಿದ್ದೇನೆ. ಹಂದಿ ಕಾಟಕ್ಕೆ ಬೇಲಿ ಮೊದಲು ಆಗಬೇಕು.